ವ್ಯಾಟಿನ ಲೆಕ್ಕ ಮತ್ತು ಕಿವಿಯ ಲೆಕ್ಕ

ಗಣೇಶೋತ್ಸವಕ್ಕಾಗಲಿ, ರಾಜ್ಯೋತ್ಸವಕ್ಕಾಗಲಿ, ಮನೆಯ ಮದುವೆ ಮುಂಜಿಗಾಗಲಿ ಧ್ವನಿವರ್ಧಕವನ್ನು ಬಾಡಿಗೆಗೆ ತರಲು ಹೊರಟವರು ಅಂಗಡಿಯವನಿಗೆ ಮೊದಲು ಕೇಳುವ ಪ್ರಶ್ನೆ ಒಂದೇ: "ಎಷ್ಟು ವ್ಯಾಟು?" ಆತನೂ ವ್ಯಾಟಿನ ಲೆಕ್ಕದಲ್ಲಿಯೇ ದರ ಹೇಳುತ್ತಾನೆ. 500 ವ್ಯಾಟಿಗೆ ಒಂದು ದರ, 1000 ವ್ಯಾಟಿಗೆ ಹೆಚ್ಚುಕಡಿಮೆ ಅದರ ಇಮ್ಮಡಿ. ಹಣ ಇಮ್ಮಡಿಯಾದಾಗ ಸದ್ದೂ ಇಮ್ಮಡಿಯಾದೀತೆಂದು ನಂಬುವುದು ಸಹಜವೇ. ಆದರೆ ಹಾಗಾಗುವುದಿಲ್ಲ. ವ್ಯಾಟಿಗೂ ಸದ್ದಿಗೂ ಇರುವ ಸಂಬಂಧ ಬೇರೆಯದು. ಆ ಸದ್ದಿಗೂ ಅದನ್ನು ಕೇಳುವ ಕಿವಿಯ ಆರೋಗ್ಯಕ್ಕೂ ಇರುವ ಸಂಬಂಧ ಇನ್ನೂ ಬೇರೆ. ಈ ಎರಡು ಲೆಕ್ಕಗಳನ್ನು ಒಂದೆಂದು ತಿಳಿದುದರಿಂದ ಹಣವೂ ಪೋಲಾಗುತ್ತಿದೆ, ಕಿವಿಯೂ ಕೆಡುತ್ತಿದೆ.

ಮಹಾರಾಷ್ಟ್ರದ ಮಹಾನಗರಗಳಲ್ಲಿ ನೆಲಸಿದ ಕನ್ನಡಿಗರಿಗೆ ನಾಸಿಕವೂ ಛತ್ರಪತಿ ಸಂಭಾಜಿನಗರವೂ ಅಪರಿಚಿತ ಊರುಗಳಲ್ಲ. ಒಂದು ತ್ರ್ಯಂಬಕೇಶ್ವರಕ್ಕೆ ಹೋಗುವವರ ದಾರಿ. ಇನ್ನೊಂದು, 2023ರವರೆಗೆ ಔರಂಗಾಬಾದ್ ಎನಿಸಿಕೊಂಡಿದ್ದುದು, ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕೈಲಾಸ ದೇವಾಲಯವನ್ನು ನೋಡಲು ಎಲ್ಲೋರಕ್ಕೆ ಹೋಗುವವರು ಇಳಿಯುವ ಊರು. ಸಾತಪುರ, ಅಂಬಡ, ವಾಳೂಜ, ಚಿಕಲಠಾಣಾಗಳ ಕಾರ್ಖಾನೆಗಳಿಗಾಗಿ ಬಂದವರೂ ಉಂಟು. ಅನಂತ ಚತುರ್ದಶಿಯಂದು ಈ ಎರಡೂ ಊರುಗಳ ಹಳೆಯ ಭಾಗದಲ್ಲಿ ನಿಂತು ವಿಸರ್ಜನೆಯ ಮೆರವಣಿಗೆಯನ್ನು ನೋಡಿದವರಿಗೆ ಧ್ವನಿವರ್ಧಕದ ಪ್ರತಾಪವನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ಎದೆಯ ಗೂಡೇ ಅದನ್ನು ಹೇಳಿರುತ್ತದೆ.

ವ್ಯಾಟು ಎಂದರೆ ಏನು?

ವ್ಯಾಟು ಎಂಬುದು ಶಕ್ತಿಯು ಎಷ್ಟು ವೇಗವಾಗಿ ವ್ಯಯವಾಗುತ್ತದೆ ಎಂಬುದರ ಅಳತೆ. ದೊರೆಯುವ ಫಲದ ಅಳತೆಯಲ್ಲ. ಮನೆಯ ದೀಪದಿಂದಲೇ ಇದನ್ನು ಅರಿಯಬಹುದು. ಹಿಂದೆ 60 ವ್ಯಾಟಿನ ತಂತಿಯ ಬಲ್ಬು ಕೊಡುತ್ತಿದ್ದ ಬೆಳಕನ್ನು ಇಂದು 9 ವ್ಯಾಟಿನ ಎಲ್‌ಇಡಿ ದೀಪ ಕೊಡುತ್ತದೆ. ಬಿಲ್ಲು ಬರುವುದು ವ್ಯಾಟಿಗೆ, ಓದಲು ಸಿಗುವುದು ಬೆಳಕು. ದೀಪದ ವಿಷಯದಲ್ಲಿ ಗೃಹಿಣಿಯರೆಲ್ಲ ತಿಳಿದಿರುವ ಈ ಭೇದವನ್ನು ಸ್ಪೀಕರಿನ ವಿಷಯದಲ್ಲಿ ವಿದ್ಯಾವಂತರೂ ಮರೆಯುತ್ತಾರೆ.

ಸ್ಪೀಕರಿನ ರಚನೆ ಸರಳವಾದುದು. ಅಯಸ್ಕಾಂತದ ನಡುವಣ ಸಂದಿಯಲ್ಲಿ ತಾಮ್ರದ ಒಂದು ಸುರುಳಿ. ಸುರುಳಿಗೆ ಅಂಟಿಸಿದ ಕಾಗದದ ಶಂಕು. ಆಂಪ್ಲಿಫೈಯರಿನಿಂದ ವಿದ್ಯುತ್ತು ಹರಿದಾಗ ಸುರುಳಿ ಹಿಂದೆ ಮುಂದೆ ಅಲುಗುತ್ತದೆ, ಶಂಕು ಗಾಳಿಯನ್ನು ತಳ್ಳುತ್ತದೆ, ಆ ತಳ್ಳಾಟವೇ ಸದ್ದು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ರೈಸ್ ಮತ್ತು ಕೆಲಾಗ್ ಎಂಬ ಇಬ್ಬರು 1925ರಲ್ಲಿ ಪ್ರಕಟಿಸಿದ ಈ ಮಾದರಿಯೇ ಮೂಲದಲ್ಲಿ ಇಂದಿಗೂ ನಡೆದುಬಂದಿದೆ.

ಈ ಯಂತ್ರದ ದೌರ್ಬಲ್ಯ ಎಲ್ಲಿದೆ? ಗಾಳಿ ಬಹಳ ಹಗುರ. ಸುರುಳಿ, ಶಂಕುಗಳು ಅದರ ಮುಂದೆ ಬಹಳ ಭಾರ. ಬೀಸಣಿಗೆಯಿಲ್ಲದೆ ಬರಿಯ ಬಡಿಗೆಯಿಂದ ಗಾಳಿ ಹಾಕಿದಂತೆ, ಶ್ರಮವೆಲ್ಲ ಬಡಿಗೆಯನ್ನು ಆಡಿಸುವುದಕ್ಕೇ ಹೋಗುತ್ತದೆ. ಮನೆಯಲ್ಲಿ ಬಳಸುವ ಸಾಮಾನ್ಯ ಪೆಟ್ಟಿಗೆ ಸ್ಪೀಕರು ತನಗೆ ದೊರೆತ ವಿದ್ಯುತ್ತಿನಲ್ಲಿ ನೂರಕ್ಕೆ ಅರ್ಧ ಭಾಗದಿಂದ ಒಂದು ಭಾಗದಷ್ಟನ್ನು ಮಾತ್ರ ಸದ್ದಾಗಿ ಮಾರ್ಪಡಿಸುತ್ತದೆ. ನೂರು ರೂಪಾಯಿಯ ಠೇವಣಿಗೆ ಎಂಟಾಣೆಯ ಹುಟ್ಟುವಳಿ! ಉಳಿದ ತೊಂಬತ್ತೊಂಬತ್ತೂವರೆ ರೂಪಾಯಿ ಬಹುಪಾಲು ಸುರುಳಿಯಲ್ಲಿ ಶಾಖವಾಗಿ ಕಳೆದುಹೋಗುತ್ತದೆ. ಇಷ್ಟು ಕಡಿಮೆ ದಕ್ಷತೆಯ ಉಪಕರಣದಿಂದ ಕೆಲಸ ನಡೆಯುವುದಾದರೂ ಹೇಗೆಂದರೆ, ಕಿವಿಯ ಸೂಕ್ಷ್ಮತೆ ಅಷ್ಟು ಅಪಾರವಾದುದು. ಇಬ್ಬರು ಎದುರು ಬದುರು ಕುಳಿತು ಮಾತನಾಡುವಾಗ ಬಾಯಿಂದ ಹೊರಡುವ ಧ್ವನಿಶಕ್ತಿ ಒಂದು ವ್ಯಾಟಿನ ಲಕ್ಷದಲ್ಲೊಂದು ಭಾಗದ ಆಸುಪಾಸಿನದು.

ಆದುದರಿಂದ ಸ್ಪೀಕರಿನ ಬೆನ್ನಿಗೆ ಅಚ್ಚು ಹಾಕಿದ "300 ವ್ಯಾಟ್" ಎಂಬ ಸಂಖ್ಯೆಗೆ, ಅದು ಅಷ್ಟು ಸದ್ದು ಮಾಡುತ್ತದೆ ಎಂಬ ಅರ್ಥವಿಲ್ಲ. ಸುಟ್ಟುಹೋಗದೆ ಅಷ್ಟನ್ನು ತಾಳಿಕೊಳ್ಳಬಲ್ಲದು ಎಂಬುದಷ್ಟೇ ಅರ್ಥ. ಅದು ಲಾರಿಯ ಮೇಲೆ ಬರೆದ ಭಾರದ ಮಿತಿಯಂತೆ; ಲಾರಿಯ ವೇಗವನ್ನು ಅದು ಹೇಳದು.

ನಿಜವಾಗಿ ನೋಡಬೇಕಾದ ಸಂಖ್ಯೆ

ಸ್ಪೀಕರಿನ ವಿವರಪತ್ರದಲ್ಲಿ ಇನ್ನೊಂದು ಸಂಖ್ಯೆ ಇರುತ್ತದೆ, ಸಾಮಾನ್ಯವಾಗಿ ಸಣ್ಣ ಅಕ್ಷರದಲ್ಲಿ. ಅದನ್ನು ಸೆನ್ಸಿಟಿವಿಟಿ ಎನ್ನುತ್ತಾರೆ, ಸಂವೇದನೆ ಎನ್ನಬಹುದು. ಸ್ಪೀಕರಿಗೆ ಒಂದು ವ್ಯಾಟು ಕೊಟ್ಟು, ಅದರ ನೇರ ಮುಂದೆ ಒಂದು ಮೀಟರು ದೂರದಲ್ಲಿ ಅಳೆದಾಗ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆಂಬುದೇ ಈ ಸಂಖ್ಯೆ. ಮನೆಯ ಸ್ಪೀಕರುಗಳಿಗೆ ಅದು 85ರಿಂದ 90ರವರೆಗೆ ಇರುತ್ತದೆ. ಜಾತ್ರೆಯಲ್ಲಿ ಕಂಬಕ್ಕೆ ಕಟ್ಟುವ ಕಹಳೆಯಾಕಾರದ ಸ್ಪೀಕರಿಗೆ 105ರ ಆಚೀಚೆ.

ಡೆಸಿಬೆಲ್ ಎಂಬ ಮಾನ ಲಾಗರಿದಮ್ಮಿನದು. ಚಕ್ರಬಡ್ಡಿಯ ಲೆಕ್ಕಕ್ಕಾಗಿ ಲಾಗ್ ಕೋಷ್ಟಕಗಳನ್ನು ಮಗುಚಿದವರಿಗೆ ಇದು ಕಠಿಣವೆನಿಸದು. ಶಕ್ತಿ ಎರಡು ಪಟ್ಟಾದರೆ 3 ಡೆಸಿಬೆಲ್ ಕೂಡಿಸಬೇಕು. ಹತ್ತು ಪಟ್ಟಾದರೆ 10. ನೂರು ಪಟ್ಟಾದರೆ 20. ಗುಣಾಕಾರವೆಲ್ಲ ಸಂಕಲನವಾಗುತ್ತದೆ. ಕಿವಿಯೂ ಹೆಚ್ಚುಕಡಿಮೆ ಹೀಗೆಯೇ ಲೆಕ್ಕ ಮಾಡುತ್ತದೆ. ಒಂದು ಡೆಸಿಬೆಲಿನ ವ್ಯತ್ಯಾಸ ಗಮನವಿಟ್ಟು ಕೇಳಿದರೆ ಮಾತ್ರ ತಿಳಿಯುವಂಥದು. ಮೂರು ಡೆಸಿಬೆಲ್ "ಸ್ವಲ್ಪ ಜೋರಾಯಿತು" ಎನ್ನುವಷ್ಟು. ಸದ್ದು ಇಮ್ಮಡಿಯಾಯಿತೆಂದು ಮನಸ್ಸಿಗೆ ತೋರಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅಂದರೆ ವ್ಯಾಟು ಹತ್ತು ಪಟ್ಟಾಗಬೇಕು. 500 ವ್ಯಾಟನ್ನು 1000ಕ್ಕೆ ಏರಿಸಿ ಇಮ್ಮಡಿ ಬಾಡಿಗೆ ತೆತ್ತವರಿಗೆ ದೊರೆಯುವುದು ಆ "ಸ್ವಲ್ಪ ಜೋರು" ಮಾತ್ರ.

ಈಗ ಎರಡು ಸ್ಪೀಕರುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ. ಒಂದು, 106 ಡೆಸಿಬೆಲ್ ಸಂವೇದನೆಯ 30 ವ್ಯಾಟಿನ ಕಹಳೆ. ಇನ್ನೊಂದು, 87 ಡೆಸಿಬೆಲಿನ ಅಂದವಾದ ಪೆಟ್ಟಿಗೆ ಸ್ಪೀಕರು. ಕಹಳೆಗೆ 30 ವ್ಯಾಟು ಪೂರ್ತಿ ಕೊಟ್ಟಾಗ 106ಕ್ಕೆ ಸುಮಾರು 15 ಕೂಡಿ, ಒಂದು ಮೀಟರಿನಲ್ಲಿ 121 ಡೆಸಿಬೆಲ್ ಬರುತ್ತದೆ. ಪೆಟ್ಟಿಗೆಯಿಂದ ಇದೇ 121 ಬೇಕಾದರೆ 87ಕ್ಕೆ 34 ಕೂಡಬೇಕು. 34 ಡೆಸಿಬೆಲ್ ಎಂದರೆ 2500 ಪಟ್ಟು, ಎಂದರೆ 2500 ವ್ಯಾಟು! ಅಷ್ಟನ್ನು ಕೊಡುವ ಮೊದಲೇ ಅದರ ಸುರುಳಿ ಸುಟ್ಟು ಬೂದಿಯಾಗಿರುತ್ತದೆ. ಮೂವತ್ತು ವ್ಯಾಟಿನ ಮುಂದೆ ಎರಡೂವರೆ ಸಾವಿರ ವ್ಯಾಟು ಸೋಲುವುದು ದಕ್ಷತೆಯ ಕಾರಣದಿಂದ. ಇಲ್ಲಿ ಒಂದು ಮಾತನ್ನು ಸೇರಿಸಬೇಕು: ಕಹಳೆಯ ದಕ್ಷತೆ ಹೆಚ್ಚೆಂಬುದು ನಿಜವಾದರೂ, ಅದು ಸದ್ದನ್ನು ಟಾರ್ಚಿನ ಬೆಳಕಿನಂತೆ ಒಂದೇ ದಿಕ್ಕಿಗೆ ಕೂಡಿಸಿ ಕಳಿಸುವುದರಿಂದಲೂ ಈ ಸಂಖ್ಯೆ ಏರುತ್ತದೆ. ಬದಿಯಲ್ಲಿ ನಿಂತವರಿಗೆ 121 ಸಿಗದು.

ಕಹಳೆ ಮಾಡುವುದಾದರೂ ಏನು? ಭಾರವಾದ ಪೊರೆಗೂ ಹಗುರವಾದ ಗಾಳಿಗೂ ನಡುವೆ ನಿಂತು ದಲ್ಲಾಳಿಯ ಕೆಲಸ ಮಾಡುತ್ತದೆ. ಕಿರಿದಾದ ಕೊರಳಿನಲ್ಲಿ ಒತ್ತಡ, ಅಗಲವಾದ ಬಾಯಿಯಲ್ಲಿ ವಿಸ್ತಾರ; ಹೀಗೆ ಶಕ್ತಿ ಹಂತಹಂತವಾಗಿ ಗಾಳಿಗೆ ಸಂದಾಯವಾಗುತ್ತದೆ. ನಮ್ಮ ಹಿರಿಯರು ಕೊಂಬು ಕಹಳೆಗಳನ್ನು ಊದಿದ್ದು ಈ ತತ್ತ್ವದ ಮೇಲೆಯೇ.

ನಾಸಿಕ ರೋಡಿನ ಒಂದು ನೆನಪು

ದಕ್ಷತೆಯ ಬೆಲೆಯನ್ನು ಹಿಂದಿನವರು ಚೆನ್ನಾಗಿ ಅರಿತಿದ್ದರು, ಅರಿಯದೆ ಗತ್ಯಂತರವಿರಲಿಲ್ಲ. ಗಾಂಧೀಜಿ, ನೆಹರೂ ಮೊದಲಾದವರ ಹಳೆಯ ಚಿತ್ರಗಳಲ್ಲಿ ಮೈಕಿನ ಮೇಲೆ "ಶಿಕಾಗೋ ರೇಡಿಯೋ" ಎಂಬ ಹೆಸರು ಕಾಣುವುದನ್ನು ಅನೇಕರು ಗಮನಿಸಿರಬಹುದು. ಹೆಸರು ಪರದೇಶದ್ದಾದರೂ ಸಂಸ್ಥೆ ಸಿಂಧಿನ ಮೋಟವಾನೆ ಮನೆತನದವರದು. 1931ರ ಕರಾಚಿ ಕಾಂಗ್ರೆಸ್ ಅಧಿವೇಶನವೂ ಸೇರಿದಂತೆ ಸ್ವಾತಂತ್ರ್ಯ ಚಳವಳಿಯ ದೊಡ್ಡ ಸಭೆಗಳಿಗೆ ಧ್ವನಿವರ್ಧಕದ ವ್ಯವಸ್ಥೆ ಮಾಡಿದವರು ಅವರು. ಈ ಮನೆತನದ ಕಾರ್ಖಾನೆ ಮುಂದೆ ನಾಸಿಕ ರೋಡಿನಲ್ಲಿ ನೆಲೆಗೊಂಡಿತು. ಕರ್ನಾಟಕದ ಹಳ್ಳಿಯ ನಾಟಕದ ಚಪ್ಪರದಲ್ಲಿಯೂ ಈ ಹೆಸರಿನ ಮೈಕನ್ನು ಕಂಡ ಹಿರಿಯರು ಈಗಲೂ ಸಿಗುತ್ತಾರೆ.

ಆ ಕಾಲದ ಆಂಪ್ಲಿಫೈಯರುಗಳು ನಿರ್ವಾತ ಕೊಳವೆಗಳವು. ಕೆಲವೇ ಹತ್ತು ವ್ಯಾಟು ಪಡೆಯುವುದೂ ದುಬಾರಿಯ ಮಾತಾಗಿತ್ತು. ಆದರೂ ಸಾವಿರಾರು ಜನ ಭಾಷಣ ಕೇಳಿದರು, ಏಕೆಂದರೆ ಕಂಬಕಂಬಕ್ಕೆ ಕಹಳೆಗಳಿದ್ದವು. ಅದಕ್ಕೂ ಹಿಂದಿನ ಮಾತು ಬೇರೆಯೇ. ಗುಬ್ಬಿ ಕಂಪನಿಯ ನಟರೂ, ಯಕ್ಷಗಾನದ ಭಾಗವತರೂ ಒಂದೇ ಒಂದು ವ್ಯಾಟಿನ ನೆರವಿಲ್ಲದೆ ಜನಸ್ತೋಮಕ್ಕೆ ಕೇಳಿಸಿದವರು. ಇತ್ತ ನಾಸಿಕದ ಹೆಸರನ್ನು ಹೊತ್ತ ಢೋಲಿಗೆ ಇಂದಿಗೂ ವ್ಯಾಟಿನ ಅಚ್ಚಿಲ್ಲ. ತೋಳಿನ ಬಲವೇ ಅದರ ಆಂಪ್ಲಿಫೈಯರು. ಆದರೂ ಪಥಕದ ನಡುವೆ ನಿಂತವನ ಕಿವಿಗೆ 100 ಡೆಸಿಬೆಲ್ ಮುಟ್ಟಿಸುವುದು ಅದಕ್ಕೆ ಕಷ್ಟವಲ್ಲ.

ಹಾಗಾದರೆ ಇಂದು ಟ್ರಕ್ಕಿನ ಮೇಲೆ ಗೋಡೆಯಂತೆ ಪೆಟ್ಟಿಗೆ ಪೇರಿಸಿ ಸಾವಿರಾರು ವ್ಯಾಟು ಸುರಿಯುವುದೇಕೆ? ಉತ್ತರ ತಗ್ಗಿನ ಸ್ವರದಲ್ಲಿದೆ. ಕಹಳೆ ಮಾತಿಗೆ ಒಪ್ಪುತ್ತದೆ; ಎದೆ ನಡುಗಿಸುವ "ಧುಮ್" ಅದರಿಂದ ಬಾರದು. ಮಂದ್ರ ಸ್ವರಕ್ಕೆ ಬಹಳ ಗಾಳಿಯನ್ನು ಸರಿಸಬೇಕು. ಮೇಲಾಗಿ ಕಿವಿ ಮಂದ್ರಕ್ಕೆ ಅಷ್ಟು ಚುರುಕಲ್ಲವೆಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿಯೇ ಅಳೆದು ತೋರಿಸಿದ್ದಾರೆ. ಅದು ಕೇಳಿಸಬೇಕಾದರೆ ಹೆಚ್ಚು ಡೆಸಿಬೆಲ್ ಕೊಡಲೇಬೇಕು. ಸ್ಪೀಕರು ಮಾಡುವವರಲ್ಲಿ ಹಾಫ್‌ಮನ್ನನ ನಿಯಮವೆಂದು ಒಂದು ಮಾತಿದೆ: ಸಣ್ಣ ಪೆಟ್ಟಿಗೆ, ಆಳವಾದ ಮಂದ್ರ, ಹೆಚ್ಚಿನ ದಕ್ಷತೆ ಈ ಮೂರರಲ್ಲಿ ಎರಡನ್ನು ಆರಿಸಿಕೊಳ್ಳಬಹುದು, ಮೂರನೆಯದನ್ನು ಬಿಟ್ಟುಕೊಡಬೇಕು. ಅಂಗೈ ಅಗಲದ ಬ್ಲೂಟೂತ್ ಸ್ಪೀಕರು ಮಂದ್ರವನ್ನು ಕೊಡುವುದು ದಕ್ಷತೆಯನ್ನು ಬಲಿಗೊಟ್ಟು. ಟ್ರಕ್ಕಿನವರು ಗಾತ್ರವನ್ನು ಬಿಟ್ಟುಕೊಟ್ಟವರು. ಅವರಿಗೆ ದೊಡ್ಡ ಪೆಟ್ಟಿಗೆಯ ದಕ್ಷತೆಯೂ ಸಿಕ್ಕಿತು, ಅದರ ಮೇಲೆ ಅಗ್ಗದ ವ್ಯಾಟೂ ಸಿಕ್ಕಿತು. ಅಪಾಯವಿರುವುದು ಈ ಜೋಡಿಯಲ್ಲಿ.

ಮುಖಬೆಲೆ ಬೇರೆ, ನಿಜ ಬೆಲೆ ಬೇರೆ

ವ್ಯಾಟಿನಲ್ಲಿಯೂ ಹಲವು ಬಗೆ. ಎಡೆಬಿಡದೆ ಗಂಟೆಗಟ್ಟಲೆ ಕೊಡಬಹುದಾದ ಸರಾಸರಿ ಶಕ್ತಿಯನ್ನು ಮಾರುಕಟ್ಟೆಯಲ್ಲಿ ಆರ್‌ಎಂಎಸ್ ಎನ್ನುತ್ತಾರೆ. ಸಂಗೀತದಲ್ಲಿ ಏರಿಳಿತವಿರುವುದರಿಂದ ಅದರ ಎರಡು ಪಟ್ಟನ್ನು "ಪ್ರೋಗ್ರಾಂ" ಎಂದೂ, ನಾಲ್ಕು ಪಟ್ಟನ್ನು "ಪೀಕ್" ಎಂದೂ ಬರೆಯುವ ರೂಢಿ ಇದೆ. ಹೀಗೆ ಒಂದೇ ಸ್ಪೀಕರು 250 ಎಂದೂ, 500 ಎಂದೂ, 1000 ಎಂದೂ ಹೇಳಿಸಿಕೊಳ್ಳಬಹುದು, ಮೂರೂ ಸುಳ್ಳಲ್ಲ. 1990ರ ದಶಕದ ಟೇಪ್ ರೆಕಾರ್ಡರುಗಳ ಮೇಲೆ ಮಿನುಗುತ್ತಿದ್ದ ಪಿಎಂಪಿಓ ಎಂಬ ಸಂಖ್ಯೆಯಾದರೋ ಯಾವ ಒಪ್ಪಿತ ಮಾನಕವೂ ಇಲ್ಲದ್ದು. ಹಣವಿಲ್ಲದ ಖಾತೆಯ ಮೇಲೆ ಬರೆದ ಚೆಕ್ಕಿನಂಥದು. ಗೋಡೆಯಿಂದ 20 ವ್ಯಾಟು ಸೆಳೆಯುವ ಪೆಟ್ಟಿಗೆ ಸಾವಿರ ವ್ಯಾಟು ಕೊಡುವುದು ಸಾಧ್ಯವೇ ಎಂದು ಯಾರೂ ಕೇಳಲಿಲ್ಲ. ಅಮೆರಿಕದಲ್ಲಿ ಇಂಥ ಅತಿಶಯೋಕ್ತಿಯನ್ನು ತಡೆಯಲು 1974ರಲ್ಲಿಯೇ ನಿಯಮ ತಂದರು.

ಸಂವೇದನೆಯ ಸಂಖ್ಯೆಯಲ್ಲಿಯೂ ಒಂದು ಸಣ್ಣ ಕೈಚಳಕ ನಡೆಯುತ್ತದೆ. ಕೆಲವರು "ಒಂದು ವ್ಯಾಟು" ಎನ್ನುವ ಬದಲು "2.83 ವೋಲ್ಟು" ಎಂದು ಬರೆಯುತ್ತಾರೆ. 8 ಓಮಿನ ಸ್ಪೀಕರಿಗೆ ಎರಡೂ ಒಂದೇ. ಆದರೆ 4 ಓಮಿನದು ಅದೇ ವೋಲ್ಟಿಗೆ ಎರಡು ವ್ಯಾಟು ಕುಡಿಯುವುದರಿಂದ 3 ಡೆಸಿಬೆಲ್ ಪುಕ್ಕಟೆಯಾಗಿ ಹೆಚ್ಚು ತೋರುತ್ತದೆ.

ಇನ್ನು ಸುರುಳಿಯ ಶಾಖದ ಮಾತು. ತಾಮ್ರ 200 ಡಿಗ್ರಿಯಷ್ಟು ಬಿಸಿ ಏರಿದರೆ ಅದರ ವಿದ್ಯುತ್ ರೋಧ ಮುಕ್ಕಾಲು ಪಾಲು ಹೆಚ್ಚುತ್ತದೆ. ಒಳಗೆ ಹೋಗುವ ಶಕ್ತಿ ತಗ್ಗುತ್ತದೆ. ಸಂಜೆ ಆರಕ್ಕೆ ಆರಂಭವಾದ ಕಾರ್ಯಕ್ರಮದಲ್ಲಿ ಒಂಬತ್ತರ ವೇಳೆಗೆ ಸದ್ದು ತಗ್ಗಿದಂತೆ ತೋರಿ, ನಡೆಸುವವನು ಗುಂಡಿಯನ್ನು ಇನ್ನಷ್ಟು ತಿರುಗಿಸುತ್ತಾನೆ; ಸುರುಳಿ ಇನ್ನಷ್ಟು ಕಾಯುತ್ತದೆ. ಅಷ್ಟು ಹೊತ್ತಿಗೆ ಆತನ ಕಿವಿಯೂ ದಣಿದು ಮಂದವಾಗಿರುತ್ತದೆಂಬುದು ಇನ್ನೊಂದು ಕಾರಣ. ಸಭೆಯ ಪಾಲಿಗೆ ಇದಕ್ಕಿಂತ ಕೆಟ್ಟ ಜೋಡಿ ಇಲ್ಲ.

ಬಯಲಿನಲ್ಲಿ ಒಂದು ಬಗೆ, ಓಣಿಯಲ್ಲಿ ಒಂದು ಬಗೆ

ತೆರೆದ ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಮೇಲಿನ ಕಹಳೆಯ 121 ಡೆಸಿಬೆಲ್ 32 ಮೀಟರು ದೂರದಲ್ಲಿ 91 ಆಗಿರುತ್ತದೆ. ಕೇಂದ್ರ ಸರಕಾರದ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದ ಗಡಿಯಲ್ಲಿ ಧ್ವನಿವರ್ಧಕದ ಸದ್ದು, ಅಲ್ಲಿಗೆ ಗೊತ್ತುಪಡಿಸಿದ ಮಟ್ಟಕ್ಕಿಂತ 10 ಡೆಸಿಬೆಲ್ ಹೆಚ್ಚು ಅಥವಾ 75 ಡೆಸಿಬೆಲ್, ಇವುಗಳಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದು. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಎಂದಿದೆ. ಒಂದು ಮೀಟರಿನಲ್ಲಿ 120 ಡೆಸಿಬೆಲ್ ಕೊಡುವ ಟ್ರಕ್ಕಿನ ಸದ್ದು 75ಕ್ಕೆ ಇಳಿಯಬೇಕಾದರೆ ಬಯಲಿನಲ್ಲಿ ಸುಮಾರು 180 ಮೀಟರು ಬೇಕು. 55ಕ್ಕೆ ಇಳಿಯಲು, ಮರ ಮನೆಗಳ ಅಡ್ಡಿಯನ್ನು ಗಣಿಸದಿದ್ದರೆ, ಒಂದೂಮುಕ್ಕಾಲು ಕಿಲೋಮೀಟರು.

ಆದರೆ ಮೆರವಣಿಗೆ ಬಯಲಿನಲ್ಲಿ ನಡೆಯುವುದಿಲ್ಲ. ನಾಸಿಕದಲ್ಲಿ ಅದು ಭದ್ರಕಾಲಿ, ಮೇನ್ ರೋಡ್, ರವಿವಾರ ಕಾರಂಜಾಗಳ ಇಕ್ಕಟ್ಟನ್ನು ಹಾದು ಪಂಚವಟಿಯ ಗೋದಾವರಿಯತ್ತ ಸಾಗುತ್ತದೆ. ಸಂಭಾಜಿನಗರದಲ್ಲಿ ರಾಜಾಬಜಾರದ ಸಂಸ್ಥಾನ ಗಣಪತಿಯಿಂದ ಹೊರಟು ಶಹಾಗಂಜ, ಸಿಟಿ ಚೌಕ, ಗುಲಮಂಡಿಗಳ ಮೂಲಕ ಸಾಗುತ್ತದೆ. ಎರಡೂ ಬದಿಗೆ ಎತ್ತರದ ಗೋಡೆಗಳು. ಗೋಡೆಯಿಂದ ಗೋಡೆಗೆ ಪುಟಿಯುವ ಸದ್ದು ಆರಾರು ಡೆಸಿಬೆಲಿನಂತೆ ಇಳಿಯುವುದೇ ಇಲ್ಲ. ಗೋಡೆಗಳ ಮಹಿಮೆಯನ್ನು ವಿಜಾಪುರದ ಗೋಳಗುಮ್ಮಟದಲ್ಲಿ ಪಿಸುಮಾತನಾಡಿ ಪರೀಕ್ಷಿಸಿದ ಕನ್ನಡಿಗರಿಗೆ ಬೇರೆ ಸಾಕ್ಷ್ಯ ಬೇಡ. ಮಂದ್ರ ಸ್ವರವಾದರೋ ಮುಚ್ಚಿದ ಕಿಟಕಿ ಬಾಗಿಲುಗಳನ್ನೂ ದಾಟಿ ಒಳಕೋಣೆಯ ಮಂಚದವರೆಗೆ ಬರುತ್ತದೆ. ವಿಚಿತ್ರವೆಂದರೆ, ಪೋಲೀಸರ ಅಳತೆಯ "ಎ" ಮಾನ ಮಂದ್ರವನ್ನು ಬಹಳ ಕಡಿಮೆ ಎಣಿಸುವಂಥದು. ಪಾತ್ರೆ ನಡುಗುತ್ತಿದ್ದರೂ ಮೀಟರು ಅಷ್ಟೇನೂ ತೋರಿಸದಿರಬಹುದು.

ಕಿವಿಯ ಪಾಸ್‌ಬುಕ್ಕು

ಕಿವಿತಮಟೆಯ ಕಂಪನ ಮೂರು ಪುಟ್ಟ ಮೂಳೆಗಳ ಮೂಲಕ ಶಂಖದಾಕಾರದ ಒಳಕಿವಿಗೆ ಮುಟ್ಟುತ್ತದೆ. ಅಲ್ಲಿ ಒಂದೊಂದು ಕಿವಿಯಲ್ಲೂ ಸುಮಾರು 15,000 ರೋಮಕೋಶಗಳಿದ್ದು, ಅವು ಕಂಪನವನ್ನು ನರಸಂದೇಶವಾಗಿ ಮಾರ್ಪಡಿಸುತ್ತವೆ. ಹುಟ್ಟಿನಿಂದ ಬಂದ ಬಂಡವಾಳ ಇಷ್ಟೇ. ಮನುಷ್ಯನಲ್ಲಿ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ. ಹಿಂತೆಗೆತ ಉಂಟು, ಜಮೆ ಇಲ್ಲ.

ಕಿವಿಗೆ ಹಾನಿ ಸದ್ದಿನ ಮಟ್ಟ ಮತ್ತು ಅದನ್ನು ಕೇಳಿದ ಅವಧಿ ಎರಡರಿಂದಲೂ ಆಗುತ್ತದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಷ್ 1998ರಲ್ಲಿ ಶಿಫಾರಸು ಮಾಡಿದ ಲೆಕ್ಕ ನೆನಪಿಡಲು ಸುಲಭವಾದುದು. 85 ಡೆಸಿಬೆಲಿಗೆ ದಿನಕ್ಕೆ 8 ಗಂಟೆ; ಅಲ್ಲಿಂದ ಮೂರು ಮೂರು ಡೆಸಿಬೆಲ್ ಏರಿದಂತೆಲ್ಲ ಅವಧಿ ಅರ್ಧರ್ಧ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ ಒಂದು ಗಂಟೆ, 100ಕ್ಕೆ ಕಾಲು ಗಂಟೆ. 109ಕ್ಕೆ ಎರಡು ನಿಮಿಷವೂ ಇಲ್ಲ. ಇಲ್ಲಿ ವ್ಯಾಟಿನ ಲೆಕ್ಕ ಮತ್ತೆ ನೆನಪಿಗೆ ಬರಬೇಕು. ವ್ಯಾಟನ್ನು ಇಮ್ಮಡಿ ಮಾಡಿದಾಗ ಏರಿದ ಆ 3 ಡೆಸಿಬೆಲ್ ಕೇಳುವವರಿಗೆ "ಸ್ವಲ್ಪ ಜೋರು" ಮಾತ್ರ. ಆದರೆ ಅವರ ಸುರಕ್ಷಿತ ಅವಧಿ ಸರಿಯಾಗಿ ಅರ್ಧವಾಯಿತು. ಮನಸ್ಸಿಗೆ ತಿಳಿಯದ ಹೆಚ್ಚಳವನ್ನು ರೋಮಕೋಶಗಳು ಪೂರ್ತಿಯಾಗಿ ತೆರುತ್ತವೆ. ಸಾತಪುರದ ಅಥವಾ ವಾಳೂಜದ ಪ್ರೆಸ್ ಶಾಪಿನಲ್ಲಿ ಪಾಳಿ ಮುಗಿಸಿದ ಕೆಲಸಗಾರನ ಕಿವಿ ದಿನದ ಪಾಲನ್ನು ಆಗಲೇ ಖರ್ಚು ಮಾಡಿರುತ್ತದೆ. ಸಂಜೆ ಆತ ಮೆರವಣಿಗೆಯ ಟ್ರಕ್ಕಿನ ಹಿಂದೆ ಕುಣಿಯುವುದು ಸಾಲದ ಮೇಲಿನ ಕುಣಿತ.

ವ್ಯಾಟು ಸಣ್ಣದಾದರೆ ಅಪಾಯವಿಲ್ಲವೆಂದೂ ತಿಳಿಯಬಾರದು. ಮಕ್ಕಳು ಕಿವಿಗೆ ಸಿಕ್ಕಿಸಿಕೊಳ್ಳುವ ಇಯರ್‌ಫೋನುಗಳಲ್ಲಿ ಅನೇಕವು ಒಂದು ವ್ಯಾಟಿನ ಸಾವಿರದಲ್ಲೊಂದು ಭಾಗಕ್ಕೆ 100 ಡೆಸಿಬೆಲ್ ಕೊಡಬಲ್ಲವು. ದೂರವೇ ಇಲ್ಲದಿರುವಲ್ಲಿ ಶಕ್ತಿ ಏಕೆ ಬೇಕು? ವಿಶ್ವ ಆರೋಗ್ಯ ಸಂಸ್ಥೆ ಇವುಗಳಿಗೆ ವಾರಕ್ಕೆ 40 ಗಂಟೆ, 80 ಡೆಸಿಬೆಲ್ ಎಂಬ ಮಿತಿ ಹೇಳಿದೆ, ಮಕ್ಕಳಿಗೆ 75. ಸಂಗೀತ ಸಭಾಂಗಣಗಳಿಗೆ 2022ರಲ್ಲಿ ಅದು ಸೂಚಿಸಿದ ಗರಿಷ್ಠ ಸರಾಸರಿ 100.

ಸಂಘದ ಸಭಾಂಗಣದಲ್ಲಿ

"ಸದ್ದು ಬರುತ್ತದೆ, ಮಾತು ತಿಳಿಯುವುದಿಲ್ಲ" ಎಂಬುದು ವಾರ್ಷಿಕೋತ್ಸವದಲ್ಲಿ ಹಿಂದಿನ ಸಾಲಿನ ಹಿರಿಯರ ನಿತ್ಯದ ದೂರು. ಕಾರ್ಯಕರ್ತರು ಕೂಡಲೇ ಸದ್ದು ಏರಿಸುತ್ತಾರೆ; ದೂರು ನಿಲ್ಲುವುದಿಲ್ಲ, ಮುಂದಿನ ಸಾಲಿನಲ್ಲಿ ಕುಳಿತ ಮಕ್ಕಳು ಕಿವಿ ಮುಚ್ಚಿಕೊಳ್ಳುತ್ತಾರೆ. ವಯಸ್ಸಾದಂತೆ ಮೊದಲು ಮಂದವಾಗುವುದು ತಾರ ಸ್ವರದ ಶ್ರವಣ. ಸ, ಶ, ತ, ಕ ಮೊದಲಾದ ವ್ಯಂಜನಗಳ ಗುರುತು ಇರುವುದು ಅಲ್ಲಿಯೇ. ಸ್ವರಗಳು ಕೇಳುತ್ತವೆ, ವ್ಯಂಜನಗಳು ಜಾರುತ್ತವೆ. ಜೊತೆಗೆ ಕಲ್ಲಿನ ನೆಲ, ಬೋಳು ಗೋಡೆಗಳ ಸಭಾಂಗಣದಲ್ಲಿ ಮಾರ್ದನಿ ಒಂದು ಅಕ್ಷರವನ್ನು ಇನ್ನೊಂದರ ಮೇಲೆ ಹೇರುತ್ತದೆ. ವ್ಯಾಟು ಏರಿಸಿದರೆ ಮಾರ್ದನಿಯೂ ಅಷ್ಟೇ ಏರುತ್ತದೆ.

ವೇದಿಕೆಯ ಎರಡು ಬದಿಗೆ ಎರಡು ದೈತ್ಯ ಸ್ಪೀಕರುಗಳನ್ನಿಟ್ಟು, 16 ಮೀಟರು ಹಿಂದಿರುವ ಸಾಲಿಗೆ 75 ಡೆಸಿಬೆಲ್ ಮುಟ್ಟಿಸಲು ಹೊರಟರೆ, ಬಯಲು ರಂಗಮಂದಿರದಲ್ಲಾದರೆ 2 ಮೀಟರಿನಲ್ಲಿರುವ ಮಕ್ಕಳಿಗೆ 93 ಸಿಗುತ್ತದೆ. ಬದಲಾಗಿ ಹೆಚ್ಚು ಸಂವೇದನೆಯ ಸಣ್ಣ ಸ್ಪೀಕರುಗಳನ್ನು ಗೋಡೆಯುದ್ದಕ್ಕೂ ಕೇಳುಗರ ಹತ್ತಿರ, ತಲೆಯಿಂದ ಎತ್ತರದಲ್ಲಿ ಕೆಳಮುಖವಾಗಿ ತೂಗುಹಾಕಿದರೆ ಒಟ್ಟು ವ್ಯಾಟೂ ಕಡಿಮೆ, ಮೊದಲ ಸಾಲಿನ ಪೆಟ್ಟೂ ಕಡಿಮೆ, ಮಾತೂ ಸ್ಪಷ್ಟ. ಭಾಷಣಕಾರರು ಮೈಕಿಗೆ ಒಂದು ಗೇಣಿನಷ್ಟು ಹತ್ತಿರ ನಿಲ್ಲುವುದರಿಂದಲೂ ಅರ್ಧ ಸಮಸ್ಯೆ ಪರಿಹಾರವಾಗುತ್ತದೆ. ಇದಕ್ಕೆ ಬಾಡಿಗೆಯೂ ಇಲ್ಲ. ಅಂಗಡಿಯವನಿಗೆ "ಎಷ್ಟು ವ್ಯಾಟು" ಎಂಬ ಪ್ರಶ್ನೆಯ ಜೊತೆಗೆ "ಒಂದು ವ್ಯಾಟಿಗೆ ಒಂದು ಮೀಟರಿನಲ್ಲಿ ಎಷ್ಟು ಡೆಸಿಬೆಲ್" ಎಂದೂ, "ಆರ್‌ಎಂಎಸ್ ಎಷ್ಟು" ಎಂದೂ ಕೇಳಬೇಕು. ಉತ್ತರ ಬರದಿದ್ದರೆ ಅಂಗಡಿ ಬದಲಿಸುವುದು ಲೇಸು.

ಕಾನೂನಿನ ಕಡೆಯಿಂದಲೂ ನೆರವಿದೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ತೆರೆದ ಸ್ಥಳದಲ್ಲಿ ಧ್ವನಿವರ್ಧಕ ಕೂಡದೆಂಬುದನ್ನು ಸುಪ್ರೀಂ ಕೋರ್ಟು 2005ರ ಜುಲೈ 18ರ ತೀರ್ಪಿನಲ್ಲಿ ಎತ್ತಿಹಿಡಿಯಿತು. ಹಬ್ಬಗಳಿಗಾಗಿ ವರ್ಷಕ್ಕೆ ಹೆಚ್ಚೆಂದರೆ 15 ದಿನ ನಡುರಾತ್ರಿಯವರೆಗೆ ರಾಜ್ಯ ಸರಕಾರ ಸಡಿಲಿಕೆ ಕೊಡಬಹುದು. ಆದರೆ ಅದು ಹೊತ್ತಿನ ಸಡಿಲಿಕೆಯೇ ಹೊರತು ಡೆಸಿಬೆಲಿನ ಸಡಿಲಿಕೆಯಲ್ಲ. ಮುಂಬಯಿ ಉಚ್ಚ ನ್ಯಾಯಾಲಯ 2016ರ ಆಗಸ್ಟಿನಲ್ಲಿಯೂ, ಮತ್ತೆ 2025ರ ಜನವರಿ 23ರಂದೂ, ಧ್ವನಿವರ್ಧಕ ಯಾವ ಧರ್ಮದ ಅನಿವಾರ್ಯ ಅಂಗವೂ ಅಲ್ಲವೆಂದು ಹೇಳಿತು. 2025ರ ತೀರ್ಪಿನ ಒಂದು ಸೂಚನೆ ಈ ಲೇಖನದ ವಿಷಯಕ್ಕೆ ನೇರವಾಗಿ ತಾಗುವಂಥದು: ಧ್ವನಿವರ್ಧಕಗಳಲ್ಲಿಯೇ ಡೆಸಿಬೆಲನ್ನು ಮಿತಿಯೊಳಗೆ ಹಿಡಿದಿಡುವ ವ್ಯವಸ್ಥೆಯಿರುವಂತೆ ನಿರ್ದೇಶಿಸುವುದನ್ನು ಸರಕಾರ ಪರಿಶೀಲಿಸಬೇಕು. ನ್ಯಾಯಾಲಯ ಇಲ್ಲಿ ಹಿಡಿದದ್ದು ಡೆಸಿಬೆಲನ್ನು, ವ್ಯಾಟನ್ನಲ್ಲ. ಲಿಮಿಟರ್ ಎಂಬ ಅಂಥ ಉಪಕರಣ ವೃತ್ತಿಪರ ಧ್ವನಿ ವ್ಯವಸ್ಥೆಗಳಲ್ಲಿ ಬಳಕೆಯಲ್ಲಿ ಇದ್ದೇ ಇದೆ. ಅದನ್ನು ಕೂರಿಸಿ ಬೀಗ ಹಾಕುವ ಮನಸ್ಸು ಬೇಕು, ಅಷ್ಟೆ.

ಮೆರವಣಿಗೆಯಿಂದ ಬಂದ ರಾತ್ರಿ ಕಿವಿಯಲ್ಲಿ ಗುಂಯ್‌ಗುಟ್ಟುವಿಕೆ, ಹತ್ತಿ ತುರುಕಿದಂತೆ ಮಂದವಾಗಿ ಕೇಳುವುದು, ಇವು ಪೆಟ್ಟು ಬಿದ್ದುದರ ಲಕ್ಷಣಗಳು. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಇಳಿಯುತ್ತವೆ. ಇಳಿದರೂ ಹಾನಿ ಪೂರ್ತಿ ಅಳಿಸಿತೆಂದಲ್ಲ. ಒಂದು ಕಿವಿ ಏಕಾಏಕಿ ಕೇಳದಂತಾದರೆ ಕಾಯದೆ ಮರುದಿನವೇ ಕಿವಿ ಮೂಗು ಗಂಟಲಿನ ತಜ್ಞರಲ್ಲಿಗೆ ಹೋಗಬೇಕು. ಔಷಧ ಫಲಿಸುವ ಸಂಭವ ಮೊದಲ ಕೆಲವು ದಿನಗಳಲ್ಲಿ ಹೆಚ್ಚು, ಎರಡು ವಾರಗಳ ಮೇಲೆ ಬಹಳ ಕಡಿಮೆ. ಟ್ರಕ್ಕಿನ ಹತ್ತಿರ ನಿಲ್ಲಲೇಬೇಕಾದವರು ಔಷಧದಂಗಡಿಯಲ್ಲಿ ಸಿಗುವ ಫೋಮಿನ ಕಿವಿಬಿರಟೆಗಳನ್ನು ಬಳಸಬೇಕು. ಹತ್ತಿಯಿಂದ ಪ್ರಯೋಜನ ಅತ್ಯಲ್ಪ. ಸದ್ದಿನ ನಡುವೆ ದುಡಿಯುವವರೂ, ಐವತ್ತು ದಾಟಿದವರೂ ಒಮ್ಮೆ ಶ್ರವಣ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಮುಂಬಯಿಯ ಬಾಂದ್ರಾದಲ್ಲಿ 1983ರಲ್ಲಿ ಸ್ಥಾಪಿತವಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯಲ್ಲಿ ಈ ಅನುಕೂಲವಿದೆ. ಊರ ಕಡೆ ಹೋದಾಗ ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಮಾಡಿಸಬಹುದು. ಪರೀಕ್ಷೆಯಲ್ಲಿ ನೋವಿಲ್ಲ, ಸೂಜಿಯಿಲ್ಲ. ಕೊಡುವ ಹಾಳೆಯ ಮೇಲಿನ ಗೆರೆ 4000 ಹರ್ಟ್ಸಿನ ಬಳಿ ಹಳ್ಳದಂತೆ ತಗ್ಗಿದ್ದರೆ ಅದು ಬಹುಮಟ್ಟಿಗೆ ಸದ್ದಿನಿಂದಾದ ಹಾನಿಯ ಗುರುತು. ಆ ಹಾಳೆಯನ್ನು ಜೋಪಾನವಾಗಿಟ್ಟು ಮುಂದಿನ ಬಾರಿಯ ಹಾಳೆಯೊಡನೆ ತಾಳೆ ನೋಡಬೇಕು.